ತಲೆಗೆ ಬೆಲೆ, ತಲೆಗೆ ಹೊಣೆ

ಚನ್ನಗಿರಿಯಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಎಂಟನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಊರ ಬೆಟ್ಟ ಹತ್ತುತ್ತಿದ್ದೆ. ಮೇಲೆ ಕೋಟೆ, ಕೋಟೆಯೊಳಗೆ ರಂಗನಾಥಸ್ವಾಮಿಯ ಗುಡಿ. ಊರಿಗೆ ಕೆಳದಿಯ ಚೆನ್ನಮ್ಮಾಜಿಯ ಹೆಸರು ಬಂದದ್ದನ್ನು ಹತ್ತುವಾಗಲೇ ಹೇಳಿ ಮುಗಿಸುತ್ತಿದ್ದೆ. ಮೇಲೆ ಕೂತು ಮಂಡಕ್ಕಿ ತಿನ್ನುವಾಗ ಹೇಳಲು ಇನ್ನೊಂದು ಕಥೆ ಉಳಿಸಿಕೊಂಡಿರುತ್ತಿದ್ದೆ. ಈ ಊರಿನಲ್ಲಿ ಹುಟ್ಟಿದ ಒಬ್ಬನ ತಲೆಗೆ ಇಂಗ್ಲಿಷರು ಬೆಲೆ ಕಟ್ಟಿದ್ದರು, ಅವನ ಬೆನ್ನು ಹತ್ತಿದ ದಂಡನಾಯಕನೇ ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಎಂದು ಶುರುಮಾಡಿದರೆ ಮಂಡಕ್ಕಿ ಜಗಿಯುವ ಸದ್ದೂ ನಿಲ್ಲುತ್ತಿತ್ತು. ಕಥೆ ಮುಗಿದ ಮೇಲೆ ಯಾವ ವರ್ಷವೂ ತಪ್ಪದೆ ಬರುತ್ತಿದ್ದ ಪ್ರಶ್ನೆ ಒಂದೇ: "ಆ ದುಡ್ಡು ಯಾರಿಗೆ ಸಿಕ್ತು ಸಾರ್?"

ಧೋಂಡಿಯ ವಾಘನ ಕಥೆಯನ್ನು ದೊಡ್ಡವರಿಗೂ ಒಮ್ಮೆ ಹೇಳಬೇಕು. ಅವನು ಮರಾಠ ಮನೆತನದವನು, ಹೈದರಾಲಿಯ ಕುದುರೆ ಸವಾರನಾಗಿದ್ದವನು. ಮೂರನೇ ಮೈಸೂರು ಯುದ್ಧದ ಗಲಿಬಿಲಿಯಲ್ಲಿ ದಂಡು ಬಿಟ್ಟು ಹೋಗಿ ತನ್ನದೇ ಗುಂಪು ಕಟ್ಟಿಕೊಂಡು ಗಡಿಸೀಮೆಯಲ್ಲಿ ಸುಲಿಗೆಗೆ ಇಳಿದ. ಟಿಪ್ಪು ಅವನನ್ನು ಕರೆಸಿಕೊಂಡು, ಮತಾಂತರಿಸಿ, ಕೊನೆಗೆ ಶ್ರೀರಂಗಪಟ್ಟಣದಲ್ಲಿ ಸರಪಳಿ ಹಾಕಿ ಕೂಡಿಸಿದ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನ ಸತ್ತಾಗ ಊರೆಲ್ಲ ಗೋಳಾಡುತ್ತಿದ್ದರೆ ಧೋಂಡಿಯನಿಗೆ ಅದು ಬಿಡುಗಡೆಯ ದಿನವಾಯಿತು. ಸೆರೆಮನೆಯಿಂದ ಹೊರಬಿದ್ದು ನೇರವಾಗಿ ನಮ್ಮ ಸೀಮೆಗೆ ಬಂದ. ಅನ್ನ ಕೊಡುವ ದೊರೆಯಿಲ್ಲದೆ ಅಲೆಯುತ್ತಿದ್ದ ಟಿಪ್ಪುವಿನ ಕುದುರೆ ಸವಾರರೆಲ್ಲ ಅವನ ಬೆನ್ನಿಗೆ ಸೇರಿದರು. ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರ ಅವನ ಕೈಗೆ ಬಂದವು.

ಆ ವರ್ಷದ ಜುಲೈ ಆಗಸ್ಟ್‌ನಲ್ಲಿ ಇಂಗ್ಲಿಷರ ಎರಡು ದಂಡುಗಳು ಅವನ ಮೇಲೆ ಬಂದವು. ಒಂದರ ನಾಯಕ ಸ್ಟೀವನ್ಸನ್. ಇನ್ನೊಂದನ್ನು ಚಿತ್ರದುರ್ಗದ ಕಡೆಯಿಂದ ಕರೆತಂದವನು ಡಾಲ್ರಿಂಪಲ್. ಹೊನ್ನಾಳಿಯ ಕೋಟೆ ಬಿತ್ತು, ಶಿಕಾರಿಪುರವೂ ಬಿತ್ತು. ಧೋಂಡಿಯ ಮಾತ್ರ ಸಿಗಲಿಲ್ಲ. ಗಡಿ ದಾಟಿ ಮರಾಠರ ಸೀಮೆಗೆ ಹೋಗಿಬಿಟ್ಟ. ಬೆನ್ನಟ್ಟಿ ಬಂದ ದಂಡು ಗಡಿಯಲ್ಲಿ ನಿಂತಿತು. ಆಚೆ ಪೇಶ್ವೆಯ ರಾಜ್ಯ. ಅಪ್ಪಣೆಯಿಲ್ಲದೆ ಅಲ್ಲಿಗೆ ಕಾಲಿಡಬಾರದೆಂದು ಹುಕುಂ ಇತ್ತು. ಆಚೆ ಕಡೆ ಇದ್ದ ಮರಾಠ ಸರದಾರ ಧೋಂಡೋಪಂತ ಗೋಖಲೆ ಅವನ ಬಿಡಾರದ ಮೇಲೆ ಬಿದ್ದು ಆನೆ, ಫಿರಂಗಿ ಕಿತ್ತುಕೊಂಡ. ಆದರೆ ಅವನಿಗೂ ಆಸಾಮಿ ಸಿಗಲಿಲ್ಲ.

ಮರುವರ್ಷ ಧೋಂಡಿಯ ಇನ್ನೂ ದೊಡ್ಡವನಾಗಿ ಎದ್ದ. ಉಭಯ ಲೋಕಗಳ ದೊರೆ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ. ಒಂದು ಲೋಕದಲ್ಲೇ ನಿಲ್ಲಲು ಜಾಗವಿಲ್ಲದವನು ಎರಡಕ್ಕೆ ಒಡೆಯನೆಂದು ಹೇಳಿಕೊಂಡದ್ದನ್ನು ಕೇಳಿ ನನ್ನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಇಂಗ್ಲಿಷರು ನಗಲಿಲ್ಲ. 1800ರ ಮೇ ತಿಂಗಳಲ್ಲಿ ಮದರಾಸಿನಿಂದ ಶ್ರೀರಂಗಪಟ್ಟಣದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಆದೇಶ ಬಂತು: ಅವನು ಎಲ್ಲಿದ್ದರೂ ಬೆನ್ನಟ್ಟಿ ಹೋಗಿ, ಸಿಕ್ಕ ಮೊದಲ ಮರಕ್ಕೆ ನೇಣು ಹಾಕತಕ್ಕದ್ದು, ಮರಾಠರ ಗಡಿ ದಾಟಲು ಬೇಕಾದ ಅನುಮತಿ ಹಿಂದೆಯೇ ಬರುತ್ತದೆ. ವಿಚಾರಣೆಯ ಮಾತೇ ಇಲ್ಲ. ಆ ಆದೇಶದಲ್ಲಿ ಕಾನೂನು ಅನ್ನುವುದು ಏನಾದರೂ ಇದ್ದರೆ ಗಡಿಯ ವಿಷಯದಲ್ಲಿ ಮಾತ್ರ. ಮನುಷ್ಯನನ್ನು ಮರಕ್ಕೆ ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ, ಹೊಳೆ ದಾಟಲು ಬೇಕು.

ಜೂನ್‌ನಲ್ಲಿ ವೆಲ್ಲೆಸ್ಲಿಯ ದಂಡು ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟಿತು. ಮುಂಗಾರಿನ ಹೊಳೆ, ದೋಣಿಗಳ ಅಭಾವ. ದಾಟುವುದಕ್ಕೇ ದಿನಗಟ್ಟಲೆ ಹಿಡಿಯಿತು. ಅಷ್ಟರಲ್ಲಿ ಕಿತ್ತೂರಿನ ಕಡೆ ಧೋಂಡಿಯ ಗೋಖಲೆಯನ್ನು ಕೊಂದು ಹಳೆಯ ಸೇಡು ತೀರಿಸಿಕೊಂಡ. ಗೋಖಲೆಯ ನೆತ್ತರಲ್ಲಿ ಮೀಸೆ ಅದ್ದುತ್ತೇನೆಂದು ಆಣೆ ಮಾಡಿದ್ದನಂತೆ, ಹಾಗೆಯೇ ಮಾಡಿದನಂತೆ. ಅಂತೆಯ ಮಾತು, ಅಂತೆಯಾಗಿಯೇ ಹೇಳಿದ್ದೇನೆ.

ನನಗೆ ಮುಖ್ಯವಾಗಿ ಕಾಣುವುದು ಈ ಓಟದ ನಡುವೆ ನಡೆದ ಒಂದು ಸಣ್ಣ ಸಂಗತಿ. ಧೋಂಡಿಯನನ್ನು ಗುಟ್ಟಾಗಿ ಕೊಲ್ಲಿಸಿ ಕೆಲಸ ಮುಗಿಸಿಕೊಡುವ ಪ್ರಸ್ತಾಪವೊಂದು ವೆಲ್ಲೆಸ್ಲಿಯ ಮುಂದೆ ಬಂತು. ತಿಂಗಳುಗಟ್ಟಲೆ ಕೆಸರು ತುಳಿದು ದಣಿದವನು ಒಪ್ಪಿಬಿಡಬಹುದಿತ್ತು. ಅವನು ಬೇಡವೆಂದ. ಒಬ್ಬನ ಪ್ರಾಣಕ್ಕೆ ಬಹಿರಂಗವಾಗಿ ಡಂಗುರ ಹಾಕಿಸಿ ಇನಾಮು ಸಾರುವುದು ಬೇರೆ, ಗುಟ್ಟಾಗಿ ಚೌಕಾಸಿ ಮಾಡಿ ಆ ಪ್ರಾಣ ತೆಗೆಸುವುದು ಬೇರೆ. ಮೊದಲನೆಯದನ್ನು ಮಾಡಬಹುದು, ದಂಡಿನ ಮುಂದೆ ನಿಂತ ಅಧಿಕಾರಿ ಎರಡನೆಯದನ್ನು ಮಾಡಲಾರ ಎಂಬ ಅರ್ಥದಲ್ಲಿ ಪತ್ರ ಬರೆದ. ಅವನ ಪತ್ರಗಳು ಅಚ್ಚಾಗಿವೆ, ಬೇಕಾದವರು ನೋಡಬಹುದು. ಮೊದಲ ಮರಕ್ಕೆ ಹಾಕು ಎಂಬ ಆದೇಶವನ್ನು ಜೇಬಿನಲ್ಲಿ ಇಟ್ಟುಕೊಂಡವನೇ ಈ ಗೆರೆಯನ್ನೂ ಎಳೆದ. ಎರಡರಲ್ಲೂ ಸಾಯುವವನು ಅವನೇ ಅಲ್ಲವೇ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಹೌದು. ಆದರೆ ಡಂಗುರ ಸಾರಿದ ಸರ್ಕಾರ ತಾನು ಮಾಡಿದ್ದಕ್ಕೆ ತಾನು ಹೆಸರು ಹಾಕಿಕೊಂಡಿರುತ್ತದೆ. ಆಗ ನಾನು ಅವಳಿಗೆ ಇಷ್ಟು ಹೇಳಿದ್ದೆ. ಇದಕ್ಕಿಂತ ಒಳ್ಳೆಯ ಉತ್ತರ ಈಗಲೂ ನನ್ನಲ್ಲಿಲ್ಲ.

1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನ ಬಳಿ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಆ ನುಗ್ಗಾಟದಲ್ಲಿ ಸತ್ತ. ಹೆಣವನ್ನು ಫಿರಂಗಿ ಗಾಡಿಗೆ ಬಿಗಿದು ಬಿಡಾರಕ್ಕೆ ತಂದರು. ಇನಾಮಿನ ಆಸೆಗೆ ಯಾರೂ ಹಿಡಿದುಕೊಡಲಿಲ್ಲ. ಸಾಮಾನು ಸರಂಜಾಮಿನ ನಡುವೆ ಸಲಾಬತ್ ಖಾನ್ ಎಂಬ ಎಳೆಯ ಮಗ ಸಿಕ್ಕಿದ. ವೆಲ್ಲೆಸ್ಲಿ ಅವನನ್ನು ಸಾಕಿಸಿ, ಭಾರತ ಬಿಡುವಾಗ ಅವನ ಖರ್ಚಿಗೆಂದು ಹಣ ಇಟ್ಟುಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಚಾಕರಿಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಇನ್ನು ನಮ್ಮ ಮನೆಯ ಕಥೆ. ಇದರಲ್ಲಿ ಕುದುರೆಯಿಲ್ಲ, ಫಿರಂಗಿಯಿಲ್ಲ. ಒಂದು ಹಗ್ಗವಿದೆ.

ನಮ್ಮದು ನ್ಯಾಮತಿ ಹತ್ತಿರದ ಹಳ್ಳಿ. ನ್ಯಾಮತಿ ಈಗ ತಾಲ್ಲೂಕು. ಆಗ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. 1976ರಲ್ಲಿ ನಮ್ಮ ಪಕ್ಕದ ಹೊಲದವನೊಬ್ಬ ಬದುವಿನ ಜಗಳದಲ್ಲಿ ಇನ್ನೊಬ್ಬನಿಗೆ ಕುಡುಗೋಲಿನಿಂದ ಹೊಡೆದು ಕೇಸಾಯಿತು. ಅವನ ಹೆಂಡತಿಯ ತವರು ಜಗಳೂರಿನ ಕಡೆ. ಅಲ್ಲಿಂದ ಭಾವಮೈದುನ ಜಾಮೀನು ಕೊಡಲು ಓಡಿ ಬಂದ. ಜಗಳೂರು ಆಗ ಚಿತ್ರದುರ್ಗ ಜಿಲ್ಲೆ, ನಮ್ಮದು ಶಿವಮೊಗ್ಗ ಜಿಲ್ಲೆ. ಬೇರೆ ಜಿಲ್ಲೆಯವನ ಜಾಮೀನು ನಡೆಯುವುದಿಲ್ಲ, ಊರಿನ ಪಹಣಿಯೇ ಆಗಬೇಕು ಎಂದು ಆಗ ಎಲ್ಲರೂ ತಿಳಿದಿದ್ದರು. ಅವನ ತಾಯಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ನಮ್ಮಜ್ಜ ಪಹಣಿ, ಕಂದಾಯದ ರಸೀದಿ ಹಿಡಿದುಕೊಂಡು ಹೊನ್ನಾಳಿಗೆ ಹೋಗಿ ಒಂದು ಸಾವಿರ ರೂಪಾಯಿಗೆ ಜಾಮೀನು ನಿಂತ.

ಜಾಮೀನು ಎಂಬ ಮಾತು ಬರುವುದಕ್ಕೆ ಮೊದಲು ನಮ್ಮಲ್ಲಿ ಹೊಣೆ ಎಂಬ ಮಾತಿತ್ತು. ಹಳೆಯ ದಫ್ತರಗಳಲ್ಲಿ ಮಾಲ್ ಜಾಮೀನು ಬೇರೆ, ಹಾಜರ್ ಜಾಮೀನು ಬೇರೆ. ಮೊದಲನೆಯದು ಹಣಕ್ಕೆ ಹೊಣೆ, ಎರಡನೆಯದು ಆಳಿಗೆ ಹೊಣೆ. ಅಜ್ಜ ಬರೆದುಕೊಟ್ಟದ್ದು ಎರಡೂ ಸೇರಿದ್ದು: ಆಳು ಹಾಜರಾಗದಿದ್ದರೆ ಹಣ. ಹೆಬ್ಬೆಟ್ಟೊತ್ತುವಾಗ ಅಜ್ಜನ ತಲೆಯಲ್ಲಿದ್ದದ್ದು ಆಳಿಗೆ ಹೊಣೆ ಎಂಬುದಷ್ಟೇ.

ಆಳು ಎರಡು ವಾಯಿದೆಗೆ ಬಂದ, ಮೂರನೆಯದಕ್ಕೆ ಬರಲಿಲ್ಲ. ಆರೋಪಿಯ ಮೇಲೆ ವಾರಂಟು ಹೊರಟಿತು, ಹಣ ಯಾಕೆ ವಸೂಲು ಮಾಡಬಾರದೆಂದು ಅಜ್ಜನಿಗೆ ನೋಟೀಸು ಬಂತು. ಚಿಕ್ಕಪ್ಪ ಆಗ ಇಪ್ಪತ್ತೆರಡರ ಹುಡುಗ. ಜಗಳೂರಿಗೆ ಹೋಗಿ ಕಟ್ಟಿ ತರುತ್ತೇನೆಂದು ಎದ್ದು ನಿಂತ. ಅಜ್ಜ ಅವನನ್ನು ಮೊದಲು ಹೊನ್ನಾಳಿಯ ವಕೀಲರ ಹತ್ತಿರ ಕರೆದುಕೊಂಡು ಹೋದ. ರಜೆಯಿತ್ತೆಂದು ಹನ್ನೆರಡು ವರ್ಷದ ನಾನೂ ಹಿಂದೆ ಹೋಗಿದ್ದೆ. ವಕೀಲರು ಹೇಳಿದ್ದರಲ್ಲಿ ನನಗೆ ಆಗ ಅರ್ಥವಾದದ್ದು ಒಂದೇ ಮಾತು: "ನೋಡಿ ಗೌಡ್ರೆ, ಪತ್ತೆ ಮಾಡಿ, ಮಾತಾಡಿ. ಆದ್ರೆ ಮೈ ಮುಟ್ಟಬೇಡಿ. ಮುಟ್ಟಿದ್ರೆ ಅವನ ಕೇಸಿನ ಪಕ್ಕದಾಗೆ ನಿಮ್ದೂ ಒಂದು ಬೀಳ್ತದೆ."

ಉಳಿದದ್ದು ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ, ಕಾನೂನು ಪುಸ್ತಕ ತಿರುವಿದಾಗ. 1973ರ ದಂಡ ಪ್ರಕ್ರಿಯಾ ಸಂಹಿತೆಯ 43ನೇ ಕಲಂ ಖಾಸಗಿ ಮನುಷ್ಯನಿಗೂ ದಸ್ತಗಿರಿಯ ಅಧಿಕಾರ ಕೊಟ್ಟಿತ್ತು, ಆದರೆ ಎರಡೇ ಸಂದರ್ಭದಲ್ಲಿ. ಜಾಮೀನು ಸಿಗದಂಥ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದಂಥ ಅಪರಾಧ ನಮ್ಮ ಕಣ್ಣೆದುರೇ ನಡೆದಿರಬೇಕು. ಇಲ್ಲವೇ ಆಸಾಮಿ ಉದ್ಘೋಷಿತ ಅಪರಾಧಿಯಾಗಿರಬೇಕು, ಅಂದರೆ ತಲೆಮರೆಸಿಕೊಂಡಿದ್ದಾನೆಂದು ಕೋರ್ಟೇ ಸಾರಿರಬೇಕು. ಹಿಡಿದರೂ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. 1898ರ ಹಳೆಯ ಸಂಹಿತೆಯಲ್ಲೂ ಹೆಚ್ಚು ಕಡಿಮೆ ಇದೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನು 40ನೇ ಕಲಮಿನಲ್ಲಿ ಇಟ್ಟು, ಆರು ಗಂಟೆಯೊಳಗೆ ಒಪ್ಪಿಸಬೇಕೆಂದು ಗಡುವು ಹಾಕಿದೆ. ಕುಡುಗೋಲಿನ ಏಟನ್ನು ಅಜ್ಜ ಕಂಡಿರಲಿಲ್ಲ. ಘೋಷಣೆಯೂ ಇನ್ನೂ ಆಗಿರಲಿಲ್ಲ. ಜಾಮೀನುದಾರ ಎಂಬ ಕಾರಣಕ್ಕೆ ಅವನ ಕೈಗೆ ವಿಶೇಷ ಅಧಿಕಾರವೇನೂ ಬರುವುದಿಲ್ಲ. ಅವನು ಹೆಚ್ಚೆಂದರೆ ಮೊದಲೇ ಕೋರ್ಟಿಗೆ ಹೋಗಿ ನನ್ನನ್ನು ಹೊಣೆಯಿಂದ ಬಿಡಿಸಿ ಎಂದು ಕೇಳಬಹುದು. ಆಗ ಹಿಡಿಯುವ ವಾರಂಟು ಕೋರ್ಟಿನದೇ.

ಆದರೂ ಚಿಕ್ಕಪ್ಪ ಚೀಲದ ತಳದಲ್ಲಿ ಒಂದು ಹೊಸ ಹುರಿಹಗ್ಗ ಇಟ್ಟುಕೊಂಡೇ ಹೊರಟ. ಹರಿಹರ, ದಾವಣಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ದಾವಣಗೆರೆ ದಾಟುತ್ತಿದ್ದ ಹಾಗೆ ಗದ್ದೆ ಮುಗಿದು ನೆಲ ಬತ್ತಿಕೊಂಡಿತು. ಅಡಿಕೆ ತೋಟ, ಭತ್ತದ ಗದ್ದೆ ನೋಡಿದ ಕಣ್ಣಿಗೆ ಜಗಳೂರು ಬೇರೆ ರಾಜ್ಯದ ಹಾಗೆ ಕಂಡಿತು. ಶೇಂಗಾ ಕೀಳುವ ಕಾಲ. ಊರ ಹೊರಗಿನ ಒಂದು ಕಣದಲ್ಲಿ ಕೂಲಿಯವರ ನಡುವೆ ಅವನು ಬಳ್ಳಿಯಿಂದ ಕಾಯಿ ಬಿಡಿಸುತ್ತ ಕೂತಿದ್ದ. ನಮ್ಮನ್ನು ಕಂಡು ಎದ್ದ, ಓಡಲಿಲ್ಲ. ಚಿಕ್ಕಪ್ಪ ಚೀಲಕ್ಕೆ ಕೈ ಹಾಕಿದ. "ಒಳಗಿಡೋ ಅದ್ನ" ಎಂದು ಅಜ್ಜ ಗದರಿದ.

ಅಜ್ಜ ಅವನ ಎದುರು ಕುಕ್ಕರಗಾಲಲ್ಲಿ ಕೂತು ಎಲೆಅಡಿಕೆ ಚೀಲ ಬಿಚ್ಚಿ ಮುಂದೆ ಇಟ್ಟ. ತಾನೂ ನಾಲ್ಕು ಬಳ್ಳಿ ಎಳೆದುಕೊಂಡು ಕಾಯಿ ಬಿಡಿಸತೊಡಗಿದ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ.

"ಹೆಂಗಸಿಗೆ ದಿನ ತುಂಬ್ಯಾವೆ ಗೌಡ್ರೆ. ಒಳಗೆ ಹಾಕಿದ್ರೆ ಇಲ್ಲಿ ನೋಡೋರು ಯಾರು."

"ನನ್ನ ಹೊಲಕ್ಕೆ ನೋಟೀಸು ಬಂದೈತಲ್ಲೋ."

"ಗೊತ್ತು. ಹಟ್ಟಿ ಹಬ್ಬ ಕಳೀಲಿ, ಸೋಮವಾರ ಬರ್ತೀನಿ."

"ಬರ್ತೀಯ?"

"ಬರ್ತೀನಿ."

ಅಷ್ಟೇ. ರಾತ್ರಿ ಅವರ ಮನೆಯಲ್ಲೇ ಊಟ ಮಾಡಿದೆವು. ಬೆಳಗ್ಗೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಚಿಕ್ಕಪ್ಪ ಅಜ್ಜನ ಜೊತೆ ಮಾತಾಡಲಿಲ್ಲ. ಊರಿಗೆ ಬಂದು ಅಜ್ಜ ಅವನಿರುವ ಜಾಗವನ್ನು ವಕೀಲರಿಗೆ ತಿಳಿಸಿದ. ತಾನೇ ಬರುತ್ತೇನೆ ಎಂದಿದ್ದಾನೆ, ಅಷ್ಟರವರೆಗೆ ತಡೆಯಲಾಗುತ್ತದೆಯೇ ಎಂದೂ ಕೇಳಿದ. ಎರಡನೆಯ ಮಾತು ವಕೀಲರ ಕೈಯಲ್ಲಿ ಇರಲಿಲ್ಲ.

ಈ ಪ್ರಸಂಗ ಮರೆತೇಹೋಗಿತ್ತು. ನೆನಪಾದದ್ದು 2019ರಲ್ಲಿ ಮಗಳ ಮನೆಗೆಂದು ಅಮೆರಿಕದ ಹೂಸ್ಟನ್ ಊರಿಗೆ ಹೋದಾಗ. ಕೋರ್ಟಿನ ಸುತ್ತ ನಮ್ಮಲ್ಲಿ ಜೆರಾಕ್ಸ್ ಅಂಗಡಿ ಇರುವ ಹಾಗೆ ಅಲ್ಲಿ ಜಾಮೀನಿನ ಅಂಗಡಿಗಳು. ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆಂದು ದೀಪದ ಬೋರ್ಡು. ಸಾಮಾನ್ಯವಾಗಿ ನೂರಕ್ಕೆ ಹತ್ತು ಕಟ್ಟಿದರೆ ಅಂಗಡಿಯವನು ನಿಮಗೆ ಹೊಣೆ ನಿಲ್ಲುತ್ತಾನೆ. ಆ ಹತ್ತು ಮರಳಿ ಬರುವುದಿಲ್ಲ. ಓಡಿಹೋದರೆ ಹಿಡಿದು ತರಲು ಅವನು ಆಳನ್ನು ನೇಮಿಸುತ್ತಾನೆ. ಕೌಬಾಯ್ ಸಿನಿಮಾದಲ್ಲಿ ನಾವು ಕಂಡ ಇನಾಮು ಬೇಟೆಗಾರ ಅವನೇ. ಈಗ ಕುದುರೆ ಬಿಟ್ಟು ವ್ಯಾನು ಹತ್ತಿದ್ದಾನೆ. ಇಂಥ ವ್ಯಾಪಾರ ಅಮೆರಿಕ, ಫಿಲಿಪ್ಪೀನ್ಸ್ ಬಿಟ್ಟರೆ ಬೇರೆ ಕಡೆ ಕಾಣುವುದೇ ಅಪರೂಪ. ನಮ್ಮಲ್ಲಿ ಜಾಮೀನುದಾರನ ನಷ್ಟ ತುಂಬಿಕೊಡುತ್ತೇನೆಂದು ಆರೋಪಿ ಮಾಡಿಕೊಂಡ ಕರಾರನ್ನೇ ನ್ಯಾಯಾಲಯಗಳು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಳ್ಳಿಹಾಕುತ್ತವೆ. ಕಾಸಿಗೆ ಹೊಣೆ ನಿಲ್ಲುವವರು ನಮ್ಮ ಕೋರ್ಟುಗಳ ಆವರಣದಲ್ಲಿ ಇಲ್ಲವೇ ಇಲ್ಲವೆಂದು ನಾನು ಹೇಳಲಾರೆ, ಆದರೆ ಬೋರ್ಡು ಹಾಕಿಕೊಂಡು ಕೂರುವಂತಿಲ್ಲ.

ಅಳಿಯನ ಮನೆಯಲ್ಲಿ ಬೇರೆ ಕೆಲಸವಿಲ್ಲದೆ ಇದನ್ನೇ ಓದಿದೆ. ಅಮೆರಿಕದ ಸುಪ್ರೀಂ ಕೋರ್ಟು 1872ರ ಟೇಲರ್ ಮತ್ತು ಟೇಂಟರ್ ಎಂಬ ಮೊಕದ್ದಮೆಯಲ್ಲಿ ಹೇಳಿದ ಮಾತುಗಳೇ ಈ ಬೇಟೆಗೆ ತಳಪಾಯ. ಆರೋಪಿ ಹೊಣೆಗಾರನ ವಶದಲ್ಲಿದ್ದ ಹಾಗೆ. ಅವನನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಬಹುದು, ಭಾನುವಾರವೂ ಹಿಡಿಯಬಹುದು, ಬೇಕಾದರೆ ಅವನ ಮನೆಯ ಬಾಗಿಲು ಮುರಿದೂ ಒಳನುಗ್ಗಬಹುದು. ಸೆರೆಮನೆಯ ಗೋಡೆ ಬಾಲದಂತೆ ಅವನ ಹಿಂದೆಯೇ ಎಳೆದುಕೊಂಡು ಹೋಗುತ್ತದೆಂದಾಯಿತು. ಆಮೇಲೆ ಒಂದೊಂದು ರಾಜ್ಯವೂ ತನ್ನದೇ ಬೇಲಿ ಹಾಕಿತು. ಕೆಂಟಕಿ 1976ರಲ್ಲಿ ಹಣದ ಜಾಮೀನು ವ್ಯಾಪಾರವನ್ನೇ ನಿಷೇಧಿಸಿತು. ಅದು ನಮ್ಮಜ್ಜ ಜಗಳೂರಿಗೆ ಹೋದ ವರ್ಷ! ಇಲಿನಾಯ್, ಆರೆಗಾನ್, ವಿಸ್ಕಾನ್ಸಿನ್‌ನಲ್ಲೂ ಆ ವ್ಯಾಪಾರವಿಲ್ಲ. ಅಂಗಡಿಯೇ ಇಲ್ಲದ ಮೇಲೆ ಬೇಟೆಗಾರನಿಗೆ ಅಲ್ಲಿ ಸಂಬಳ ಕೊಡುವವರಾರು? ಫ್ಲಾರಿಡದಲ್ಲಿ ಪರವಾನಗಿ ಪಡೆದ ಜಾಮೀನು ಏಜೆಂಟನೇ ಹಿಡಿಯಬೇಕು, ಬಿಡಿ ಬೇಟೆಗಾರನಿಗೆ ಅವಕಾಶವಿಲ್ಲ. ನಾನು ಕೂತಿದ್ದ ಟೆಕ್ಸಾಸಿನಲ್ಲಿ ಪೊಲೀಸನೋ, ಪರವಾನಗಿಯ ಖಾಸಗಿ ಪತ್ತೇದಾರನೋ, ಅಂಥದೇ ಭದ್ರತಾ ಅಧಿಕಾರಿಯೋ ಆಗಿರಬೇಕು. ಒಳಗಿರುವವರು ಒಪ್ಪದೆ ಮನೆಗೆ ನುಗ್ಗಬಾರದು, ಸರ್ಕಾರಿ ಬಿಲ್ಲೆಯ ವೇಷ ಹಾಕಬಾರದು.

ದೇಶದ ಗಡಿ ಬಂದರೆ ಇದೆಲ್ಲ ನಿಂತುಹೋಗುತ್ತದೆ. 'ಡಾಗ್' ಎಂಬ ಅಡ್ಡಹೆಸರಿನ ಡ್ವೇನ್ ಚಾಪ್ಮನ್ ಎಂಬ ಪ್ರಸಿದ್ಧ ಬೇಟೆಗಾರ 2003ರಲ್ಲಿ ಕ್ಯಾಲಿಫೋರ್ನಿಯದ ಅತ್ಯಾಚಾರಿಯೊಬ್ಬನನ್ನು ಬೆನ್ನಟ್ಟಿ ಮೆಕ್ಸಿಕೋದಲ್ಲಿ ಹಿಡಿದ. ಅಲ್ಲಿ ಇಂಥ ಬೇಟೆಗೆ ಕಾನೂನಿನ ಬಲವಿಲ್ಲ. ಅಲ್ಲಿಯ ಪೊಲೀಸರು ಬೇಟೆಯ ಜೊತೆಗೆ ಬೇಟೆಗಾರನನ್ನೂ ಹಿಡಿದರು. ಸಿಕ್ಕಿಬಿದ್ದವನು ನಿಜವಾದ ಪಾತಕಿಯೇ. ಆದರೂ ನನಗೆ ಡಾಲ್ರಿಂಪಲ್‌ನ ದಂಡು ಗಡಿಯಲ್ಲಿ ನಿಂತದ್ದು ನೆನಪಾಯಿತು.

ನಮ್ಮ ಜಿಲ್ಲೆಯ ಗಡಿಯದೂ ಒಂದು ಮಾತಿದೆ. ಅಜ್ಜನ ಪ್ರಸಂಗವಾದ ಎರಡು ವರ್ಷಕ್ಕೆ, 1978ರಲ್ಲಿ, ಮೋತಿರಾಮ್ ಎಂಬ ಗಾರೆ ಕೆಲಸದವನ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದಲ್ಲದೆ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಹೊಣೆಯನ್ನು ನಿರಾಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ, ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಲು ಹೇಳಿದರು. ದೂರದ ಊರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗನೋ ಮಲಯಾಳಿಯೋ ಅಲ್ಲಿಯ ಜಾಮೀನನ್ನು ಎಲ್ಲಿಂದ ತಂದಾನು ಎಂದು ಕೇಳಿದರು. ಆ ತೀರ್ಪು ಎರಡು ವರ್ಷ ಮೊದಲು ಬಂದಿದ್ದರೆ ಜಗಳೂರಿನ ಭಾವಮೈದುನನೇ ಹೊಣೆ ನಿಲ್ಲುತ್ತಿದ್ದ, ಅಜ್ಜ ಮನೆಯಲ್ಲಿರುತ್ತಿದ್ದ, ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲವೂ ಒಂದೇ ಜಿಲ್ಲೆಗೆ ಸೇರಿದವು. ಆ ಹೊತ್ತಿಗೆ ಅಜ್ಜನೂ ಇರಲಿಲ್ಲ, ಅವನೂ ಇರಲಿಲ್ಲ.

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಚಿಕ್ಕಪ್ಪ ಮನೆಯಲ್ಲಿ ತಟ್ಟೆ ಲೋಟ ಕುಕ್ಕಿ ಇಡತೊಡಗಿದ. ಗುರುವಾರ ಬೆಳಗ್ಗೆ ಅಜ್ಜ ಹೊನ್ನಾಳಿಗೆ ಹೋದಾಗ ಅವನು ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದನಂತೆ. ಗಂಡು ಮಗುವಾಯಿತು, ಮೂರು ದಿನ ಬಿಟ್ಟು ಬರಲು ಆಗಲಿಲ್ಲ ಎಂದನಂತೆ. ಅವನನ್ನು ಒಳಗೆ ಕಳಿಸಿದರು. ಕೊನೆಗೆ ಆರು ತಿಂಗಳ ಸಜೆಯಾಯಿತು. ಜಾಮೀನಿನ ಹಣದಲ್ಲಿ ಒಂದು ಪಾಲನ್ನು ಮನ್ನಾ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಏಳುನೂರು ಬಿಟ್ಟು ಮುನ್ನೂರು ಕಟ್ಟಿಸಿಕೊಂಡರು.

ಹೂಸ್ಟನ್ನಿನಲ್ಲಿ ಮೊಮ್ಮಗನಿಗೆ ಇದನ್ನು ಹೇಳಿದಾಗ ಅವನೂ ಚನ್ನಗಿರಿಯ ಮಕ್ಕಳ ಪ್ರಶ್ನೆಯನ್ನೇ ಕೇಳಿದ: "ಹಿಡಿದಿದ್ದಕ್ಕೆ ಮುತ್ತಜ್ಜನಿಗೆ ಎಷ್ಟು ಸಿಕ್ತು?" ಸಿಗಲಿಲ್ಲ ಮರೀ, ಮುನ್ನೂರು ಹೋಯಿತು ಎಂದೆ. ಅವನು ನಂಬಲಿಲ್ಲ. ಚಿಕ್ಕಪ್ಪನಂತೂ ಸಾಯುವವರೆಗೂ ಅಜ್ಜನನ್ನು ಕ್ಷಮಿಸಲಿಲ್ಲ. ಅವತ್ತು ಕಟ್ಟಿ ತಂದಿದ್ದರೆ ಮುನ್ನೂರೂ ಉಳಿಯುತ್ತಿತ್ತು ಎಂದು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಹೇಳುತ್ತಿದ್ದ. ಆ ಮುನ್ನೂರಕ್ಕಾಗಿ ಮನೆಯ ಕರೆಯುವ ಎಮ್ಮೆಯನ್ನು ಮಾರಬೇಕಾಯಿತು. ಸಂತೆಗೆ ಹೊಡೆದುಕೊಂಡು ಹೋಗುವಾಗ ಅದರ ಕೊರಳಿಗೆ ಹಾಕಿದ್ದು ಜಗಳೂರಿಗೆ ಹೋಗಿ ಬಂದ ಆ ಹೊಸ ಹಗ್ಗವನ್ನೇ. ಎಮ್ಮೆ ಕೊಟ್ಟರೂ ಹಗ್ಗ ಕೊಡಬಾರದೆಂದು ನಮ್ಮ ಕಡೆ ಪದ್ಧತಿ. ಸಂಜೆ ಚಿಕ್ಕಪ್ಪ ಬರಿ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬಂದು, ಯಾರ ಕಡೆಗೂ ನೋಡದೆ, ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದ.